ಅಲ್ಲಲ್ಲಿ ಅಂದ್ರೆ ಎಲ್ಲಿ?

ಸೆಪ್ಟೆಂಬರ್‌ನಲ್ಲಿ ಊರಿಂದ ಫೋನ್ ಬಂದರೆ ಮೊದಲ ಪ್ರಶ್ನೆ ‘ಊಟ ಆಯ್ತಾ’ ಅಂತ ಅಲ್ಲ. “ಮಳೆ ಬತ್ತೈತಾ ನೋಡಪ್ಪ, ಈರುಳ್ಳಿ ಕೀಳ್ಸನಾ?” ಕಡೂರು ಹತ್ತಿರದ ಹೊಲದಲ್ಲಿ ನಿಂತ ಅಪ್ಪ, ಬೆಂಗಳೂರಲ್ಲಿ ಎಸಿ ಕೆಳಗೆ ಕೂತ ನನ್ನನ್ನು ಆಕಾಶ ನೋಡಿ ಹೇಳು ಅಂತಾರೆ. ಬಿಇ ಓದಿದ ಮಗನಿಗೆ ಅಷ್ಟೂ ಗೊತ್ತಿರಲ್ವಾ ಅನ್ನೋ ನಂಬಿಕೆ.

ಕೆಲವು ವರ್ಷದ ಹಿಂದೆ ನಾನು ಸುದ್ದಿ ನೋಡಿ ಹೇಳಿದೆ: ಚಿಕ್ಕಮಗಳೂರು ಜಿಲ್ಲೆಯ ಅಲ್ಲಲ್ಲಿ ಗುಡುಗು ಸಹಿತ ಸಾಧಾರಣ ಮಳೆ. ಅಪ್ಪ ಎರಡು ದಿನ ಕಾದರು. ನಮ್ಮೂರಿಗೆ ಹನಿ ಬೀಳಲಿಲ್ಲ. ಮೂರನೇ ದಿನವೂ ಅದೇ ವಾಕ್ಯ. ಆಳುಗಳು ಬೇರೆಯವರ ಹೊಲಕ್ಕೆ ಹೋಗಿಬಿಡ್ತಾರೆ ಅಂತ ಕೀಳಿಸಿ, ಸಾಲಿಗೆ ಹಾಕಿ ಒಣಗಲು ಬಿಟ್ಟರು. ನಾಲ್ಕನೇ ದಿನ ಸಂಜೆ ಒಂದು ಗಂಟೆ ಸುರೀತು. ಅರ್ಧಕ್ಕರ್ಧ ಈರುಳ್ಳಿ ಕೊಳೀತು.

ಸಿಟ್ಟು ಬಂದಿದ್ದು ಮಳೆ ಮೇಲಲ್ಲ, ಆ ವಾಕ್ಯದ ಮೇಲೆ. ಯಾಕೆಂದರೆ ನಾಲ್ಕೂ ದಿನ ಅದು ನಿಜವೇ ಆಗಿತ್ತು. ಜಿಲ್ಲೆಯ ಎಲ್ಲೋ ಒಂದು ಕಡೆ ಮಳೆ ಬಂದೇ ಇರುತ್ತೆ. ಹಾಗಾಗಿ ಒಬ್ಬ ಓದುಗನಾಗಿ ಈ ವಾಕ್ಯವನ್ನು ವಿಮರ್ಶೆ ಮಾಡೋಣ ಅನ್ನಿಸಿತು. ಕಥೆ, ಕವನಕ್ಕೆ ವಿಮರ್ಶೆ ಇದೆ. ನಾಡಿನ ರೈತರೆಲ್ಲ ದಿನಾ ಓದುವ ಈ ಒಂದು ಸಾಲಿಗೆ ಯಾಕಿಲ್ಲ?

ಮೊದಲು ‘ಅಲ್ಲಲ್ಲಿ’. ಹವಾಮಾನ ಇಲಾಖೆಯ ಇಂಗ್ಲಿಷ್ ಪದಕ್ಕೆ ಖಚಿತ ಅಳತೆ ಇದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆಯಾದರೆ ‘ಐಸೊಲೇಟೆಡ್’, 50ರವರೆಗೆ ‘ಸ್ಕ್ಯಾಟರ್ಡ್’, 75ರವರೆಗೆ ‘ಫೇರ್ಲಿ ವೈಡ್‌ಸ್ಪ್ರೆಡ್’, ಅದರ ಮೇಲೆ ‘ವೈಡ್‌ಸ್ಪ್ರೆಡ್’. ಕೇಂದ್ರವೊಂದರಲ್ಲಿ 2.5 ಮಿ.ಮೀ. ಬಿದ್ದರೆ ಮಾತ್ರ ಲೆಕ್ಕಕ್ಕೆ. ನಾಲ್ಕು ಮೆಟ್ಟಿಲು. ಸುದ್ದಿಯಾಗಿ ನಮ್ಮ ಮೊಬೈಲಿಗೆ ಬರೋ ಹೊತ್ತಿಗೆ ಎಷ್ಟೋ ಸಲ ಅವೆಲ್ಲ ಒಂದೇ ‘ಅಲ್ಲಲ್ಲಿ’ ಆಗಿಬಿಡುತ್ತವೆ. ಅಳತೆ ಹೋಯ್ತು, ಅನುಮಾನ ಉಳೀತು.

ಎರಡನೆಯದು ‘ಜಿಲ್ಲೆಯ’. ನಮ್ಮ ಜಿಲ್ಲೆ ಒಂದಲ್ಲ, ಎರಡು. ಶೃಂಗೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟುತ್ತೆ. ಕಡೂರಲ್ಲಿ 600ರ ಆಸುಪಾಸು. ನಡುವೆ ಬಾಬಾಬುಡನ್‌ಗಿರಿ ಸಾಲು ಗೋಡೆ ಥರ ನಿಂತಿದೆ. ಮುಂಗಾರಿನ ಮೋಡ ಪಡುವಣದಲ್ಲೇ ಜೇಬು ಖಾಲಿ ಮಾಡಿಕೊಂಡು ನಮ್ಮ ಕಡೆ ಬರೀ ಗಾಳಿ ಕಳಿಸುತ್ತೆ. ಕಡೂರು, ಅಜ್ಜಂಪುರ ಈ ಮಳೆ ನೆರಳಿನವು. ತರೀಕೆರೆ ಎರಡರ ಗಡಿ: ಕೆಮ್ಮಣ್ಣುಗುಂಡಿ ಕಡೆ ಮಲೆನಾಡು, ಪೂರ್ವಕ್ಕೆ ಇಳಿದರೆ ಬಯಲು. ಇಷ್ಟಕ್ಕೂ ಸೇರಿ ನಕಾಶೆಯಲ್ಲಿ ಒಂದೇ ಬಣ್ಣ. ಜುಲೈನಲ್ಲಿ ‘ಜಿಲ್ಲೆಗೆ ಆರೆಂಜ್ ಅಲರ್ಟ್’ ಅಂದ ದಿನ ನಮ್ಮೂರಲ್ಲಿ ರಾಗಿ ಬಿತ್ತಲು ಹದ ಇಲ್ಲ ಅಂತ ಕೂತಿರ್ತಾರೆ.

ಇದರಿಂದ ಆಗೋ ನಷ್ಟ ಈರುಳ್ಳಿಗಿಂತ ದೊಡ್ಡದು. ಬಯಲುಸೀಮೆಯವರು ಎಚ್ಚರಿಕೆಯನ್ನೇ ನಂಬದಿರೋದನ್ನು ಕಲಿತಿದ್ದಾರೆ. ಆದರೆ ಗುಡುಗು, ಸಿಡಿಲು ನಮ್ಮ ಕಡೆಯವೇ: ಏಪ್ರಿಲ್-ಮೇನಲ್ಲಿ ಭರಣಿ, ಕೃತ್ತಿಕೆ; ಆಮೇಲೆ ಉತ್ತರೆ, ಹಸ್ತ. ಅವತ್ತಿನ ಹಳದಿ ಬಣ್ಣ ನಿಜಕ್ಕೂ ಕುರಿ ಕಾಯೋನಿಗೆ ಅಂತಲೇ ಇರೋದು. ಅವನು ‘ಇದೂ ಶೃಂಗೇರಿ ಮಳೆ ಬಿಡು’ ಅಂದುಕೊಂಡು ಮರದ ಕೆಳಗೆ ನಿಂತರೆ?

ಇಲಾಖೆಯವರ ಪರವಾಗಿಯೂ ಒಂದು ಮಾತು. ಗುಡುಗು ಮೋಡ ಮಧ್ಯಾಹ್ನದ ಕಾವಿಗೆ ಎದ್ದು, ಕೆಲವೇ ಕಿಲೋಮೀಟರ್ ಅಗಲಕ್ಕೆ ಹರಡಿ, ಗಂಟೆಯೊಳಗೆ ಕರಗುವಂಥದ್ದು. ಹಿಂದಿನ ದಿನವೇ ‘ಬೀರೂರಿಗೆ ಬರುತ್ತೆ, ಕಡೂರಿಗಿಲ್ಲ’ ಅಂತ ಯಾರೂ ಹೇಳಲಾರರು. ನಾಳೆ ಯಾವ ಸರ್ವರ್ ಬೀಳುತ್ತೆ ಅಂತ ಹೇಳಲಾಗದ ನಾನು ಅದನ್ನು ಕೇಳುವುದೂ ಇಲ್ಲ. ಮೊಬೈಲ್ ಆ್ಯಪಿನಲ್ಲಿ ಮುದ್ದಾದ ಮೋಡದ ಚಿತ್ರ ಹಾಕಿ ‘40%’ ಅಂತ ಬರೆದು, ಅದು ಏನರ 40 ಅಂತ ಹೇಳದವರೂ ನಮ್ಮ ಜಾತಿಯ ಎಂಜಿನಿಯರ್‌ಗಳೇ.

ನನ್ನ ಬೇಡಿಕೆ ಚಿಕ್ಕದು: ಗೊತ್ತಿರುವಷ್ಟನ್ನು ಗೊತ್ತಾಗುವ ಹಾಗೆ ಹೇಳಿ. ಮಲೆನಾಡು, ಬಯಲು ಬೇರೆ ಮಾಡಿ. ಹೊತ್ತು ಹೇಳಿ. ಹತ್ತೂರಲ್ಲಿ ಎಷ್ಟೂರು ಅಂತ ಹೇಳಿ. ಮಾರನೇ ದಿನ ನಿಜಕ್ಕೂ ಎಷ್ಟೂರಿಗೆ ಬಂತು ಅಂತ ಅದೇ ಸುದ್ದಿಯಲ್ಲಿ ಒಂದು ಸಾಲು ಸೇರಿಸಿ. ಇದಕ್ಕೆ ಮಾಹಿತಿ ಇಲ್ಲ ಅನ್ನುವಂತಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿ ಇದೆ. ಹತ್ತಿರದ ಸಿಡಿಲಿಗೆ ಎಚ್ಚರಿಸುವ ‘ದಾಮಿನಿ’ ಆ್ಯಪ್ ಇದೆ. ಮಾಪಕ ಪಂಚಾಯಿತಿವರೆಗೆ ಬಂತು, ಭಾಷೆ ಮಾತ್ರ ಜಿಲ್ಲಾ ಕೇಂದ್ರದಲ್ಲೇ ನಿಂತಿದೆ.

ಹಳಬರ ಮಳೆ ನಕ್ಷತ್ರವೇ ಮೇಲು ಅಂತ ನಾನು ಹೇಳ್ತಿಲ್ಲ. ಪಂಚಾಂಗ ನೋಡಿ ಯಾರೂ ಈರುಳ್ಳಿ ಕೀಳ್ತಿರಲಿಲ್ಲ. ಅದು ಇಂಥ ದಿನ ಅಂತ ಹೇಳಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಮುನ್ಸೂಚನೆಗೆ ಎಷ್ಟು ಗೊತ್ತು ಅನ್ನೋದು ನಮಗೆ ಗೊತ್ತಿಲ್ಲ, ಅಷ್ಟೇ ತೊಂದರೆ.

ಹೋದ ಸೆಪ್ಟೆಂಬರ್‌ನಲ್ಲಿ ಅಪ್ಪ ಮತ್ತೆ ಕೇಳಿದರು. ಈ ಸಲ ಇಂಗ್ಲಿಷ್ ಬುಲೆಟಿನ್ ತೆಗೆದು ಓದಿ ಹೇಳಿದೆ: “ಅಪ್ಪ, ಹತ್ತೂರಲ್ಲಿ ಎರಡೂರಿಗೆ ಬರಬಹುದು. ಬಂದ್ರೆ ಮಧ್ಯಾಹ್ನದ ಮೇಲೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಹತ್ರಾಗೆ ಎರಡಾ? ಹಂಗಾದ್ರೆ ಅರ್ಧ ಕೀಳ್ಸ್ತೀನಿ. ಟಾರ್ಪಾಲು ಅಷ್ಟಕ್ಕೇ ಸಾಕಾಗೋದು.”