ಗಿಡ್ಡ ನಳಿಗೆಯ ಲೆಕ್ಕ

ಕನಕಪುರ ದಾಟಿ ಸಂಗಮದ ಹಾದಿ ಹಿಡಿದರೆ ಬಿದಿರು, ಲಂಟಾನ, ಕಗ್ಗಲಿ ಮುಳ್ಳು. ಜಿಂಕೆ ಐವತ್ತು ಗಜದಲ್ಲೇ ನಿಂತಿದ್ದರೂ ಕಿವಿ ಆಡಿಸುವ ತನಕ ಕಾಣುವುದಿಲ್ಲ. ಬೇಟೆಗೆ ಪರವಾನಗಿ ಸಿಗುತ್ತಿದ್ದ ಕಾಲದಲ್ಲಿ ಇಂಥ ಪೊದೆಗಳಲ್ಲಿ ನುಸುಳಿದವರೂ ಉದ್ದ ನಳಿಗೆಯನ್ನೇ ಹೊಗಳುತ್ತಿದ್ದರು. ನಳಿಗೆ ಉದ್ದವಾದಷ್ಟೂ ಈಡು ಜೋರು ಎಂಬ ನಂಬಿಕೆ ಮಾಗಡಿ, ಚನ್ನಪಟ್ಟಣದ ಕಡೆ ಇನ್ನೂ ಸತ್ತಿಲ್ಲ.

ತುಂಬುಕೋವಿಯ ಮಟ್ಟಿಗೆ ಅದು ನಿಜವೇ. ಕರಿಮದ್ದಿನ ಒತ್ತಡ ಕಡಿಮೆ. ಗುಂಡು ವೇಗ ಹಿಡಿಯಲು ನಳಿಗೆ ಉದ್ದವಿರಬೇಕಿತ್ತು. ಹೊಗೆಯಿಲ್ಲದ ಮದ್ದಿನ ತೋಟಾದಲ್ಲಿ ಒತ್ತಡ ಮೊದಲ ಕೆಲವು ಇಂಚುಗಳಲ್ಲೇ ತುದಿ ಮುಟ್ಟಿ ಇಳಿಯತೊಡಗುತ್ತದೆ. ಆಮೇಲಿನ ಒಂದೊಂದು ಇಂಚೂ ಕೊಡುವುದು ಚಿಲ್ಲರೆ ಲಾಭ.

.308 ತೋಟಾವನ್ನೇ ತೆಗೆದುಕೊಳ್ಳಿ. 24 ಇಂಚಿನ ನಳಿಗೆಯಿಂದ 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. ಇಂಚಿಗೆ ಆರೇಳು ಮೀಟರ್ ಕಳೆದುಹೋಗುತ್ತದೆ ಎಂದಿಟ್ಟುಕೊಂಡರೂ 20 ಇಂಚಿನ ನಳಿಗೆಯಲ್ಲಿ 830ರ ಆಸುಪಾಸು ಉಳಿಯುತ್ತದೆ. ಶಕ್ತಿಯಲ್ಲಿ ಶೇ. 7ರಷ್ಟು ನಷ್ಟ. 200 ಮೀಟರ್ ದೂರದಲ್ಲಿ ಗುಂಡು ಹೆಚ್ಚುವರಿಯಾಗಿ ಇಳಿಯುವುದು ಎರಡು ಸೆಂಟಿಮೀಟರ್. ಸಂಗಮದ ಕಾಡಿನಲ್ಲಿ 200 ಮೀಟರ್ ನೋಟ ಸಿಗುವುದಾದರೂ ಎಲ್ಲಿ, ಹೊಳೆಯ ಮರಳಿನ ಮೇಲೆ ಬಿಟ್ಟರೆ? ಮದ್ದು ಹೆಚ್ಚು ತುಂಬಿದ ಮ್ಯಾಗ್ನಂ ತೋಟಾಗಳ ಕಥೆ ಬೇರೆ. ಅವಕ್ಕೆ ಗಿಡ್ಡ ನಳಿಗೆ ದಂಡ. ಇನ್ನು .22 ರೈಫಲ್ಲಿಗೆ 16 ಇಂಚು ಧಾರಾಳ ಸಾಕು.

ಬೇಟೆಗಾರ ಕೆನೆತ್ ಆಂಡರ್ಸನ್ ಇದೇ ಸಂಗಮದ ಚಿರತೆಯ ಬಗ್ಗೆ ಬರೆದಿದ್ದಾರೆ. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್‌ರನ್ನು ಓದಿದವರಿಗೆ ಅವರ .405 ವಿಂಚೆಸ್ಟರ್ ಗೊತ್ತೇ ಇರುತ್ತದೆ. 1895ರ ಮಾದರಿಯ ಆ ರೈಫಲ್ 300 ಗ್ರೇನಿನ ದಪ್ಪ ಗುಂಡನ್ನು ಸೆಕೆಂಡಿಗೆ 670 ಮೀಟರ್ ವೇಗದಲ್ಲಷ್ಟೇ ಎಸೆಯುತ್ತಿತ್ತು. ನಾಲ್ಕಿಂಚು ಕಳೆದುಕೊಂಡ .308 ಕೂಡ ಅದಕ್ಕಿಂತ ಎಷ್ಟೋ ಚುರುಕು. ನರಭಕ್ಷಕಗಳಿಗೆ ಸಾಕಾದ ವೇಗ ಜಿಂಕೆಗೆ ಸಾಲದೆಂದು ಯಾರು ಹೇಳಬೇಕು?

ಗಿಡ್ಡ ನಳಿಗೆಯ ನಿಜವಾದ ತೊಂದರೆ ಬೇರೆಯೇ ಇದೆ: ಸದ್ದು. ನಳಿಗೆಯ ಬಾಯಿ ಮುಖಕ್ಕೆ ಹತ್ತಿರವಾದಷ್ಟೂ ಕಿವಿಗೆ ಪೆಟ್ಟು ಜಾಸ್ತಿ. ಮುಸ್ಸಂಜೆಯಲ್ಲಾದರೆ ಬೆಂಕಿಯ ಮಿಂಚಿಗೆ ಕಣ್ಣು ಕತ್ತಲಿಟ್ಟು ಎರಡನೇ ಈಡು ಅಂದಾಜಿನ ಮೇಲೆ ನಡೆಯುತ್ತದೆ. ನನ್ನ ಮಟ್ಟಿಗೆ 20ರಿಂದ 22 ಇಂಚು ಹದವಾದ ಅಳತೆ. ನಮ್ಮ ಸರ್ಕಾರಿ ಕಾರ್ಖಾನೆಯ .315 ರೈಫಲ್ಲಿನ ನಳಿಗೆಯೂ ಸುಮಾರು 22 ಇಂಚೇ.

ಇಷ್ಟು ಓದಿ ಯಾರೂ ಗರಗಸ ಹುಡುಕಬಾರದು. ನಳಿಗೆಯ ಬಾಯಂಚು ಎಷ್ಟು ನಾಜೂಕು ಎಂಬುದನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳಗಿನ ಸುರುಳಿ ಗೀರುಗಳು ಅಲ್ಲಿ ಒಂದೇ ಮಟ್ಟದಲ್ಲಿ ಮುಗಿಯುತ್ತವೆ. ಗರಗಸ ಆಡಿಸಿದರೆ ಒಂದು ಕಡೆ ಲೋಹದ ಮುಳ್ಳು ಉಳಿಯುತ್ತದೆ, ಗುಂಡಿನ ಬೆನ್ನಿಗೆ ನುಗ್ಗುವ ಅನಿಲ ಒಂದು ಬದಿಯಿಂದ ಮೊದಲು ತಪ್ಪಿಸಿಕೊಳ್ಳುತ್ತದೆ, ಗುಂಡು ಹೊರಡುವಾಗಲೇ ಓಲಾಡುತ್ತದೆ. ಆಮೇಲೆ ವೇಗದ ಲೆಕ್ಕ ಕಟ್ಟಿಕೊಂಡು ಏನು ಮಾಡುವುದು?

ಮೇಲಾಗಿ, ಜಿಂಕೆಯ ಮಾತು ಈಗ ಬರೀ ಲೆಕ್ಕದ್ದು. 1972ರ ವನ್ಯಜೀವಿ ಕಾಯ್ದೆಯ ಅಡಿಯಲ್ಲಿ ಅದನ್ನು ಹೊಡೆಯುವುದು ಅಪರಾಧ. ಸಂಗಮ, ಮುತ್ತತ್ತಿಯ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಈಗ ರೈಫಲ್ಲಿನ ರುಚಿ ನೋಡಬೇಕೆನ್ನುವವರಿಗೆ ಗುರಿ ಅಭ್ಯಾಸದ ರೇಂಜ್ ಇದೆ. ಕಾಗದದ ಗುರಿ ಹಲಗೆ ಜಿಂಕೆಗಿಂತ ಕಠಿಣ ಪರೀಕ್ಷಕ.

ಅಜ್ಜನ ಕಾಲದ ಕೋವಿ ಮನೆಯಲ್ಲಿದ್ದರೆ ಪರವಾನಗಿ ನವೀಕರಿಸಿ, ಇಲ್ಲವೇ ಠಾಣೆಗೆ ಒಪ್ಪಿಸಿಬಿಡಿ. ಅನುಮತಿ ಇಲ್ಲದೆ ನಳಿಗೆ ಕತ್ತರಿಸುವುದನ್ನು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಕನಿಷ್ಠ ಏಳು ವರ್ಷ ಜೈಲು.