ಸಿಸ್ಟರಜ್ಜಿಯ ಕೈ

ಉಡುಪಿಯ ಹಿರಿಯರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಲೊಂಬಾರ್ಡ್ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದವರು ಬಾಸೆಲ್ ಮಿಷನ್ನಿನ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್. ಅವರ ಹೆಸರು ಫಲಕದ ಮೇಲಿದೆ. ಅಂಥ ಆಸ್ಪತ್ರೆಗಳ ರಾತ್ರಿಪಾಳಿ ಹೊತ್ತ ಸಿಸ್ಟರ್‌ಗಳ ಹೆಸರು ಎಲ್ಲೂ ಇಲ್ಲ. ನಮ್ಮಜ್ಜಿ ಅವರಲ್ಲೊಬ್ಬರು.

ಒಮ್ಮೆ ಬಳಸಿ ಎಸೆಯುವ ಸಿರಿಂಜು ಬರುವ ಮೊದಲು ಸೂಜಿ ಚುಚ್ಚುವುದು ದೊಡ್ಡ ಕುಶಲಕಲೆ. ಗಾಜಿನ ಕೊಳವೆಯ ಮೇಲೊಂದು ಸಂಖ್ಯೆ, ಒಳದಂಡದ ಮೇಲೂ ಅದೇ ಸಂಖ್ಯೆ. ಜೋಡಿ ತಪ್ಪಿದರೆ ಮದ್ದು ಹಿಂದಕ್ಕೆ ಸೋರುತ್ತಿತ್ತು. ಎರಡನ್ನೂ ಬಿಡಿಸಿ, ತೊಳೆದು, ಬಟ್ಟೆ ಸುತ್ತಿ, ತಣ್ಣೀರಿನಲ್ಲಿಟ್ಟೇ ಕುದಿಸಬೇಕು. ಕುದಿಯುವ ನೀರಿಗೆ ಹಾಕಿದರೆ ಗಾಜು ಸೀಳುತ್ತದೆ. ಸೂಜಿಯ ತೂತಿಗೆ ಸಣ್ಣ ತಂತಿ ಹಾಯಿಸಿ, ಮೊಂಡಾದ ಮೊನೆಯನ್ನು ಕಲ್ಲಿಗೆ ತೀಡಿ, ಹತ್ತಿಯ ಮೇಲೆ ಎಳೆದು ನೋಡುತ್ತಿದ್ದರು. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ, ಮತ್ತೆ ತೀಡಬೇಕು. ರೋಗಿಗೆ ನೋವು ಕಡಿಮೆಯಾಗಲೆಂದು ಅವನು ಕಾಣದ ಕಡೆ ಪಟ್ಟ ಈ ಪಾಡೇ ನನಗೆ ಶುಶ್ರೂಷೆಯ ತಿರುಳು.

ಭಾನುವಾರದ ಆರಾಧನೆಗೆ ಅಜ್ಜಿ ತಪ್ಪಿದ್ದು ಪಾಳಿಯಿದ್ದಾಗ ಮಾತ್ರ. ಅದನ್ನು ಅವರು ತಪ್ಪೆಂದು ಎಣಿಸಲಿಲ್ಲ. ಹಾಸಿಗೆಹುಣ್ಣಿಗೆ ಪಟ್ಟಿ ಕಟ್ಟುವುದೂ ಅವರಿಗೆ ಪ್ರಾರ್ಥನೆಯೇ. ನಾನೂ ಹಾಗೇ ನಂಬುತ್ತೇನೆ.

ನಿವೃತ್ತಿಯಾದ ಮೇಲೆ ಆ ಕೈ ಮೊಮ್ಮಕ್ಕಳ ಪಾಲಿಗೆ ಬಂತು. ಜ್ವರ ಬಂದರೆ ಥರ್ಮಾಮೀಟರ್ ಇಟ್ಟರೂ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಿದ್ದರು. ಅರ್ಧ ನಿಮಿಷ ಎಣಿಸಿ ಇಮ್ಮಡಿಸಿದರೆ ನಡುವೆ ತಪ್ಪಿದ ಬಡಿತ ಗೊತ್ತಾಗುವುದು ಹೇಗೆ ಮಗಾ, ಎನ್ನುತ್ತಿದ್ದರು.