ಆಜ್ಟೆಕ್ ಮತ್ತು ಇಂಕಾ ಪ್ರಭುತ್ವಗಳು: ಒಂದು ತೌಲನಿಕ ವಿಮರ್ಶೆ

ಮೆಕ್ಸಿಕೋ ಕಣಿವೆಯ ಆಜ್ಟೆಕರು ಜಯಿಸಿದರೇ ಹೊರತು ಆಳಲಿಲ್ಲ. ಆಂಡೀಸ್ ಪರ್ವತಪ್ರಾಂತದ ಇಂಕಾಗಳಾದರೋ ಜಯಿಸಿದ್ದನ್ನು ಆಳಿದರು. ಈ ಮಾತು ಚರಿತ್ರೆಯ ಪಠ್ಯಗಳಲ್ಲಿ ಬಹುಮಟ್ಟಿಗೆ ನೆಲೆಗೊಂಡಿದೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಬಿಗಿಯಾದ ಆಡಳಿತವು ಅಧೀನ ಜನರ ನಿಷ್ಠೆಯನ್ನೂ ಗಳಿಸಿತೆಂಬ ಅನುಮಾನವನ್ನು ಇದರಿಂದ ಹೊರಡಿಸುವುದು ಸಾಧುವೆಂದು ನಮಗೆ ತೋರುವುದಿಲ್ಲ.

1428ರಲ್ಲಿ ಆಜ್ಕಪೊಟ್ಸಾಲ್ಕೊ ಪತನವಾದ ಮೇಲೆ ಟೆನೊಚ್ಟಿಟ್ಲಾನ್, ಟೆಸ್ಕೊಕೊ, ಟ್ಲಾಕೊಪಾನ್ ಎಂಬ ಮೂರು ನಗರಗಳು ಕಟ್ಟಿಕೊಂಡ ಕೂಟವನ್ನೇ ನಾವು ಆಜ್ಟೆಕ್ ಸಾಮ್ರಾಜ್ಯವೆನ್ನುತ್ತೇವೆ. ಸೋತ ಅರಸನು ಸಾಮಾನ್ಯವಾಗಿ ತನ್ನ ಪೀಠದಲ್ಲಿಯೇ ಉಳಿದು ಕಪ್ಪವನ್ನೊಪ್ಪಿಸುತ್ತಿದ್ದನು. ಹತ್ತಿಯ ಬಟ್ಟೆ, ಕೊಕೋ ಬೀಜ, ಹಕ್ಕಿಯ ಗರಿ, ಯೋಧರ ಉಡುಪು ಇವುಗಳ ಲೆಕ್ಕ 16ನೆಯ ಶತಮಾನದ ಮೆಂಡೋಜಾ ಚಿತ್ರಗ್ರಂಥದಲ್ಲಿದೆ. ಇದಕ್ಕೆ ಅಪವಾದವೂ ಉಂಟು: ಅಹುಯಿಟ್ಸೋಟ್ಲನು ಒಸ್ಟೋಮಾವನ್ನು ನಾಶಗೊಳಿಸಿ ಅಲ್ಲಿ ಹೊಸ ಜನರನ್ನು ನೆಲೆಗೊಳಿಸಿದನು.

ಇಂಕಾಗಳು ಕೇಳಿದ್ದು ಮುಖ್ಯವಾಗಿ ವಸ್ತುವನ್ನಲ್ಲ, ದುಡಿಮೆಯನ್ನು. ‘ಮಿತ’ ಎಂಬ ಈ ಸರದಿಯ ಸೇವೆಯನ್ನು ‘ಬಿಟ್ಟಿ’ ಎಂದು ಕನ್ನಡಿಸಿದರೆ ಅರ್ಥ ಕೆಡುತ್ತದೆ. ದುಡಿಯುವವನಿಗೆ ಪ್ರಭುತ್ವವು ಊಟವನ್ನೂ ಮುಸುಕಿನ ಜೋಳದ ಮದ್ಯವನ್ನೂ ನೀಡಬೇಕಾಗಿತ್ತು. ಹುಆನುಕೊ ಪಂಪಾ ಒಂದರಲ್ಲಿಯೇ ಸುಮಾರು 500 ಉಗ್ರಾಣಗಳ ಅವಶೇಷಗಳಿವೆ. ಇವನ್ನು ಕಂಡು ಲೂಯಿ ಬೋದಾನ್ 1928ರಲ್ಲಿ ಇಂಕಾ ರಾಜ್ಯವನ್ನು ಸಮಾಜವಾದಿ ಸಾಮ್ರಾಜ್ಯವೆಂದು ಕರೆದನು. ಆ ಉಗ್ರಾಣಗಳು ಮೊದಲು ಪೋಷಿಸಿದ್ದು ಸೈನ್ಯವನ್ನೂ ಆಡಳಿತವನ್ನೂ ಎಂಬುದನ್ನು ಜಾನ್ ಮುರ್ರಾ ಅವರು ತೋರಿಸಿಕೊಟ್ಟ ಬಳಿಕ ಆ ಹೆಸರು ನಿಲ್ಲುವಂತಿಲ್ಲ.

ಕಾನ್ರಡ್ ಮತ್ತು ಡೆಮರೆಸ್ಟ್ ಅವರ 1984ರ ‘ಧರ್ಮ ಮತ್ತು ಸಾಮ್ರಾಜ್ಯ’ ಎರಡು ವಿಸ್ತರಣೆಗಳಿಗೂ ಮೂಲವನ್ನು ಧರ್ಮದಲ್ಲಿ ಅರಸುತ್ತದೆ. ಆಜ್ಟೆಕರಿಗೆ ಸೂರ್ಯನನ್ನು ಪೋಷಿಸುವ ಬಲಿಗಾಗಿ ಸೆರೆಯಾಳುಗಳು ಬೇಕಾಗಿದ್ದರು. ಮೃತ ಇಂಕಾನ ಆಸ್ತಿ ಅವನ ವಂಶದವರಲ್ಲಿಯೇ ಉಳಿಯುತ್ತಿದ್ದುದರಿಂದ ಹೊಸ ಅರಸನು ಹೊಸ ನೆಲವನ್ನು ಗೆಲ್ಲಬೇಕಾಗಿತ್ತು. ವಾದ ಮನೋಜ್ಞವಾದುದು. ಆದರೂ ಇಲ್ಲಿ ಮಾತನಾಡುವವರು ಗೆದ್ದವರೇ. ಸೋತವರ ಬಾಳು ಇದರಲ್ಲಿ ಮರೆಯಾಗಿಯೇ ಉಳಿಯುತ್ತದೆ.

ಸೋತವರ ಕಡೆಯಿಂದ ನೋಡಿದರೆ ಪಠ್ಯಗಳ ಭೇದ ಸಡಿಲಗೊಳ್ಳುತ್ತದೆ. ಕೊರ್ಟೆಸನ ಬೆಂಬಲಕ್ಕೆ ನಿಂತ ತ್ಲಾಶ್ಕಾಲಾ ಆಜ್ಟೆಕರಿಗೆ ಎಂದೂ ಅಧೀನವಾಗಿರಲಿಲ್ಲ. ಅತ್ತ ಇಂಕಾಗಳ ರಸ್ತೆ, ಉಗ್ರಾಣ, ಸರದಿಸೇವೆಗಳಿಗೆಲ್ಲ ಒಳಪಟ್ಟಿದ್ದ ಹೌಹಾ ಕಣಿವೆಯ ವಂಕಾ ಜನರೇ ಪಿಸಾರೋನ ಪಕ್ಷವನ್ನು ಸೇರಿದರು. ಅದಕ್ಕೆ ಅಟಹುಅಲ್ಪ–ಹುಆಸ್ಕಾರರ ಅಂತಃಕಲಹವೇ ಕಾರಣವೆನ್ನೋಣವೆಂದರೆ, 1536ರಲ್ಲಿ ಮಾಂಕೊ ಸ್ಪೇನಿನವರ ಮೇಲೆ ದಂಗೆಯೆದ್ದಾಗಲೂ ಅವರು ಇಂಕಾನ ಕಡೆಗೆ ಬರಲಿಲ್ಲ. ಇಂಕಾ ಆಡಳಿತದಿಂದ ಅವರು ಉಳಿಸಿಕೊಂಡದ್ದು ಅದರ ಲೆಕ್ಕಗಾರಿಕೆಯನ್ನು. 1561ರಲ್ಲಿ ಲಿಮಾದ ನ್ಯಾಯಪೀಠದ ಮುಂದೆ, ಸ್ಪೇನಿನ ಸೈನ್ಯಕ್ಕೆ ತಾವು ಕೊಟ್ಟ ಧಾನ್ಯ, ಬಟ್ಟೆ, ಲಾಮಾಗಳನ್ನು ಅವರು ‘ಕಿಪು’ವಿನ ಗಂಟುಗಳನ್ನು ನೋಡಿ ಓದಿ ಹೇಳಿದರು.